ಗಾಳಿಯಲ್ಲಿ ನೀರು ಕುದಿಸುವ ಒಲೆ ಹುಡುಕಿದ್ದು, ಅದಕ್ಕೆ ಮರೆ ಕಟ್ಟಿದ್ದು

ಗುಡ್ಡದ ನೆತ್ತಿಯ ಹತ್ತಿರ ಟೆಂಟ್ ಹಾಕಿದ್ದೆವು. ಸಂಜೆ ಇಳಿಯುತ್ತಿದ್ದಂತೆ ಗಾಳಿ ಎದ್ದಿತು. ಅರ್ಧ ಲೀಟರ್ ನೀರಿಟ್ಟು ಒಲೆ ಹಚ್ಚಿದೆ. ಐದು ನಿಮಿಷ ಆಯಿತು, ಹತ್ತಾಯಿತು. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಕಾಣಿಸಿದವು, ಮೇಲೆ ಏಳಲೇ ಇಲ್ಲ. ಎರಡು ಸಲ ಉರಿ ಆರಿಹೋಯಿತು. ‘ಗ್ಯಾಸ್ ಪೂರ್ತಿ ತೆಗಿಯೋ ಮಾರಾಯ’ ಅಂದ ಗೆಳೆಯ. ಪೂರ್ತಿ ತೆಗೆದೇ ಇತ್ತು. ಇಪ್ಪತ್ತು ನಿಮಿಷ ನೋಡಿ ಒಲೆ ಆರಿಸಿದೆ. ಆ ರಾತ್ರಿ ಬಿಸಿ ಏನೂ ಇಲ್ಲದೆ ಮಲಗಿದೆವು.

ಮನೆಗೆ ಬಂದ ಮೇಲೆ ಗ್ಯಾಸ್ ಡಬ್ಬಿ ತೂಗಿದೆ. ಹೊರಡುವ ಮುಂಚೆ ತೂಗಿ ಅದರ ಮೇಲೇ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೆ. 52 ಗ್ರಾಂ ಕಡಿಮೆ ಆಗಿತ್ತು. ಕೂತು ಲೆಕ್ಕ ಹಾಕಿದೆ. 20 ಡಿಗ್ರಿಯ ಅರ್ಧ ಲೀಟರ್ ನೀರನ್ನು 100 ಡಿಗ್ರಿಗೆ ತರಲು ಸುಮಾರು 167 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಂ ಗ್ಯಾಸ್ ಉರಿದರೆ ಸುಮಾರು 46 ಕಿಲೋಜೂಲ್ ಸಿಗುತ್ತದೆ. ಏನೂ ಪೋಲಾಗದಿದ್ದರೆ 4 ಗ್ರಾಂ ಒಳಗೇ ಮುಗಿಯುವ ಕೆಲಸ. ಪೋಲಾಗದೆ ಇರುವುದಿಲ್ಲ, ಸರಿ, ಅದರ ಎರಡರಷ್ಟು ಹಿಡಿಯೋಣ. 52 ಗ್ರಾಂ ಸುಟ್ಟೂ ನೀರು ಕುದಿಯಲಿಲ್ಲ ಅಂದರೆ ತಪ್ಪು ಎಲ್ಲೋ ಇದೆ ಅಲ್ವಾ? ಅದನ್ನು ಹುಡುಕಲು ಮೂರು ವಾರದ ರಜೆ ದಿನಗಳನ್ನು ಕೊಟ್ಟೆ. ಏನೇನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ವಾರ: ಫ್ಯಾನ್ ಮುಂದೆ ಒಲೆಗಳು

ಮನೆ ಹಿಂದಿನ ತೆರೆದ ಜಾಗದಲ್ಲಿ ಟೇಬಲ್ ಫ್ಯಾನ್ ಇಟ್ಟೆ. ಒಲೆ ಅದರಿಂದ ಒಂದು ಮೀಟರ್ ದೂರ. ಗಾಳಿಯ ವೇಗ ಅಳೆಯುವ ಚಿಕ್ಕ ಮೀಟರನ್ನು ಪಾತ್ರೆ ಇರುವ ಜಾಗದಲ್ಲಿ ಹಿಡಿದರೆ ಸೆಕೆಂಡಿಗೆ 3.5 ಮೀಟರ್ ತೋರಿಸಿತು. ಗಂಟೆಗೆ 12 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಗುಡ್ಡದ ಗಾಳಿಗೆ ಹೋಲಿಸಿದರೆ ಇದು ಬರೀ ತಂಗಾಳಿ. ಪ್ರತಿ ಸಲವೂ ಅದೇ ಪಾತ್ರೆ, ಅದೇ ಮುಚ್ಚಳ, 20 ಡಿಗ್ರಿಯ ಅರ್ಧ ಲೀಟರ್ ನೀರು. ಡಬ್ಬಿಯನ್ನು ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ.

ಮೊದಲು ಗುಡ್ಡದಲ್ಲಿ ಕೈಕೊಟ್ಟ ಒಲೆ. ಡಬ್ಬಿಯ ನೆತ್ತಿಗೆ ನೇರವಾಗಿ ತಿರುಗಿಸಿ ಕೂರಿಸುವ ಚಿಕ್ಕ ಒಲೆ ಅದು. ಬರ್ನರ್ ಚಪ್ಪಟೆ. ಪಾತ್ರೆ ಕೂರುವ ಕಾಲುಗಳು ಉದ್ದ. ಗಾಳಿ ಇಲ್ಲದಾಗ 3 ನಿಮಿಷ 10 ಸೆಕೆಂಡಿಗೆ ಕುದಿ ಬಂತು, 7 ಗ್ರಾಂ ಖರ್ಚು. ಇಷ್ಟು ಚೆನ್ನಾಗಿ ಕೆಲಸ ಮಾಡುವ ಒಲೆಯನ್ನು ಯಾರು ತಾನೇ ಅನುಮಾನಿಸುತ್ತಾರೆ? ಫ್ಯಾನ್ ಹಾಕಿದೆ. 10 ನಿಮಿಷಕ್ಕೆ 78 ಡಿಗ್ರಿ ಮುಟ್ಟಿ ಅಲ್ಲೇ ನಿಂತಿತು. 31 ಗ್ರಾಂ ಹೋಗಿತ್ತು. ನಿಲ್ಲಿಸಿದೆ.

ಆಗ ಒಂದು ಕೆಲಸ ಮಾಡಿದೆ. ಫ್ಯಾನ್ ಓಡುತ್ತಿರುವಾಗಲೇ ಪಾತ್ರೆಯ ಹಿಂದುಗಡೆ, ಗಾಳಿ ಹೋಗುವ ದಿಕ್ಕಿನಲ್ಲಿ, ಒಂದೂವರೆ ಅಡಿ ದೂರದಲ್ಲಿ ಅಂಗೈ ಹಿಡಿದೆ. ಕೈ ಚುರುಗುಟ್ಟಿತು. ಬಗ್ಗಿ ನೋಡಿದರೆ ನೀಲಿ ಉರಿ ಪೂರ್ತಿ ಒಂದು ಕಡೆಗೆ ಮಲಗಿತ್ತು. ಪಾತ್ರೆಯ ತಳದ ಮುಕ್ಕಾಲು ಭಾಗಕ್ಕೆ ಉರಿ ತಾಗುತ್ತಲೇ ಇರಲಿಲ್ಲ. ಉರಿ ಸಣ್ಣದಾಗಿರಲಿಲ್ಲ, ಆರಿಯೂ ಇರಲಿಲ್ಲ. ಹುಟ್ಟಿದ ಶಾಖ ಪಾತ್ರೆಗೆ ಹೋಗದೆ ನನ್ನ ಕೈಗೆ ಬರುತ್ತಿತ್ತು, ಅಷ್ಟೇ. ಅದರ ಮೇಲೆ ಪಾತ್ರೆಯ ಮೈಯನ್ನು ಗಾಳಿ ತಣ್ಣಗೆ ಮಾಡುತ್ತಿತ್ತು. ಬಂದ ಶಾಖ, ಹೋದ ಶಾಖ ಎರಡೂ ಸಮ ಆದ ಕಡೆ ನೀರು 78 ಡಿಗ್ರಿಗೆ ನಿಂತುಬಿಟ್ಟಿತ್ತು. ಗ್ಯಾಸ್ ಜಾಸ್ತಿ ಮಾಡಿದರೆ ಜಾಸ್ತಿ ಶಾಖ ಪಕ್ಕಕ್ಕೆ ಹೋಗುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಕಿಲೋವ್ಯಾಟ್ ಸಂಖ್ಯೆ ನೋಡಿ ಒಲೆ ಕೊಂಡಿದ್ದು ನನ್ನ ಮೊದಲ ತಪ್ಪು ಅಂತ ಅಲ್ಲೇ ಗೊತ್ತಾಯಿತು.

ಎರಡನೆಯದು ಗೆಳೆಯನ ಒಲೆ. ಇದನ್ನೂ ಡಬ್ಬಿಯ ನೆತ್ತಿಗೇ ಕೂರಿಸಬೇಕು. ಆದರೆ ಬರ್ನರ್ ಬಟ್ಟಲಿನ ಹಾಗೆ ಒಳಗೆ ತಗ್ಗಾಗಿದೆ, ಸುತ್ತ ಅಂಚು ಎದ್ದಿದೆ. ಕಾಲುಗಳು ಗಿಡ್ಡ. ಪಾತ್ರೆ ಇಟ್ಟರೆ ಬರ್ನರಿಗೂ ತಳಕ್ಕೂ ನಡುವೆ ಕಿರುಬೆರಳು ತೂರುವುದೂ ಕಷ್ಟ. ಸೋಟೋ ಕಂಪನಿಯ ವಿಂಡ್‌ಮಾಸ್ಟರ್ ಒಲೆ ಇದೇ ಮಾದರಿಯದು. ಗಾಳಿ ಇಲ್ಲದಾಗ 3 ನಿಮಿಷ 20 ಸೆಕೆಂಡ್, 7 ಗ್ರಾಂ. ಫ್ಯಾನ್ ಮುಂದೆ 5 ನಿಮಿಷ 40 ಸೆಕೆಂಡ್, 13 ಗ್ರಾಂ. ಎಂಥ ವ್ಯತ್ಯಾಸ ನೋಡಿ! ಎರಡು ಒಲೆಗಳ ಶಕ್ತಿ ಹೆಚ್ಚುಕಮ್ಮಿ ಒಂದೇ. ಬೇರೆ ಇರುವುದು ಆ ಅಂಚು ಮತ್ತು ನಡುವಿನ ಸಂದು. ಅಂಗಡಿಯಲ್ಲಿ ನಿಂತು ಒಲೆ ಕೊಳ್ಳುವವರು ಬೇರೇನೂ ನೋಡದಿದ್ದರೂ ಪರವಾಗಿಲ್ಲ, ಕಾಲುಗಳನ್ನು ಬಿಚ್ಚಿ ಆ ಸಂದು ಎಷ್ಟಿದೆ ಅಂತ ಮಾತ್ರ ನೋಡಿ.

ಮೂರನೆಯದು ಸ್ಪಿರಿಟ್ ಒಲೆ. ಸ್ವೀಡನ್ನಿನ ಟ್ರಾಂಜಿಯಾ ಕಂಪನಿ 1951ರಲ್ಲಿ ತಂದ ಮಾದರಿಯದು. ಒಲೆ, ಪಾತ್ರೆ, ಗಾಳಿಗೆ ಮರೆ ಮೂರೂ ಒಂದೇ ಸೆಟ್. ಪಾತ್ರೆ ಮರೆಯ ಒಳಗೇ ಇಳಿದು ಕೂರುತ್ತದೆ. ಮರೆಯ ಕೆಳಭಾಗದಲ್ಲಿ ಒಂದು ಕಡೆ ತೂತುಗಳಿವೆ. ತೂತುಗಳನ್ನು ಗಾಳಿ ಬರುವ ಕಡೆ ತಿರುಗಿಸಿ ಇಟ್ಟೆ. ಗಾಳಿ ಇಲ್ಲದಾಗ 8 ನಿಮಿಷ ತೆಗೆದುಕೊಂಡ ಒಲೆ ಫ್ಯಾನ್ ಮುಂದೆ 7 ನಿಮಿಷ 10 ಸೆಕೆಂಡಿಗೇ ಮುಗಿಸಿತು. ಗಾಳಿ ಬಂದರೆ ಚುರುಕಾಗುವ ಒಲೆ! ತೂತಿನಿಂದ ಒಳಗೆ ಬಂದ ಗಾಳಿ ಉರಿಗೆ ಊದಿ ಕೊಡುತ್ತದೆ, ಆದರೆ ಉರಿಯನ್ನು ಹೊರಗೆ ಒಯ್ಯಲು ಮರೆ ಬಿಡುವುದಿಲ್ಲ. ಸ್ಪಿರಿಟ್‌ನಲ್ಲಿ ಶಾಖ ಕಡಿಮೆ, ಗ್ರಾಂಗೆ ಸುಮಾರು 27 ಕಿಲೋಜೂಲ್, ಅದಕ್ಕೇ ನಿಧಾನ. ಒಬ್ಬರೇ ಹೋಗುವವರು, ಅವಸರ ಇಲ್ಲದವರು ಇದನ್ನು ತೆಗೆದುಕೊಂಡು ನೆಮ್ಮದಿಯಾಗಿ ಇರಬಹುದು. ಒಂದು ಎಚ್ಚರ ಮಾತ್ರ: ಬಿಸಿಲಿನಲ್ಲಿ ಇದರ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಅಂದುಕೊಂಡು ಮತ್ತೆ ಸ್ಪಿರಿಟ್ ಸುರಿಯಬಾರದು. ಬರ್ನರ್ ಪೂರ್ತಿ ತಣ್ಣಗಾಗುವವರೆಗೆ ಕಾಯಲೇಬೇಕು.

ಪಾತ್ರೆಯೇ ಬರ್ನರ್ ಮೇಲೆ ಸಂದಿಲ್ಲದೆ ಕೂರುವ ಒಲೆಗಳೂ ಇವೆ. ಎಂಎಸ್‌ಆರ್ ಕಂಪನಿಯ ರಿಯಾಕ್ಟರ್, ವಿಂಡ್‌ಬರ್ನರ್ ಅಂಥವು. ಉರಿಯಲು ಬೇಕಾದ ಗಾಳಿಯೆಲ್ಲ ಕೆಳಗಿನಿಂದ ಗ್ಯಾಸ್ ಜೊತೆ ಮೊದಲೇ ಬೆರೆತು ಬರುತ್ತದೆ. ಮೇಲೆ ಎದ್ದು ಕಾಣುವ ಉರಿ ಇಲ್ಲ, ಜಾಲರಿ ಕೆಂಪಗೆ ಕಾಯುತ್ತದೆ. ಬರೀ ನೀರು ಕುದಿಸಲು ಗಾಳಿಯಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಅದರದೇ ಪಾತ್ರೆ ಬೇಕು, ಸಣ್ಣ ಉರಿಯಲ್ಲಿ ಬೇಯಿಸುವುದು ಆಗಿಬರುವುದಿಲ್ಲ. ನನಗೆ ಎರಡೂ ಬೇಕಿತ್ತು. ಹಾಗಾಗಿ ಅದನ್ನು ಬಿಟ್ಟೆ.

ನೆತ್ತಿ ಮೇಲೆ ಕೂರುವ ಒಲೆಗೆ ಸುತ್ತ ಮರೆ ಕಟ್ಟಿದರೆ ಆಯಿತಲ್ಲ ಅಂತ ಯಾರಿಗೂ ಹೊಳೆಯುತ್ತದೆ. ದಯವಿಟ್ಟು ಮಾಡಬೇಡಿ. ಮರೆ ಉರಿಯ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಆ ಒಳಗೇ ಗ್ಯಾಸ್ ಡಬ್ಬಿಯೂ ಇದೆ. ಡಬ್ಬಿ 50 ಡಿಗ್ರಿಗಿಂತ ಜಾಸ್ತಿ ಕಾಯಬಾರದು ಅಂತ ಅದರ ಮೈಮೇಲೇ ಬರೆದಿರುತ್ತದೆ. ಕಾದಷ್ಟೂ ಒಳಗಿನ ಒತ್ತಡ ಏರುತ್ತದೆ, ಡಬ್ಬಿ ಸಿಡಿಯಬಹುದು. ನಾನು ಗಾಳಿ ಬರುವ ಕಡೆ ಮಾತ್ರ ಅರ್ಧ ಸುತ್ತು ತಗಡು ನಿಲ್ಲಿಸಿ, ಇನ್ನರ್ಧ ಪೂರ್ತಿ ತೆರೆದಿಟ್ಟು ನೋಡಿದೆ. ಹಳೆಯ ಒಲೆ 6 ನಿಮಿಷಕ್ಕೆ ಕುದಿಸಿತು. ನಡುನಡುವೆ ಡಬ್ಬಿ ಮುಟ್ಟಿ ನೋಡುತ್ತಿದ್ದೆ, ತಣ್ಣಗೇ ಇತ್ತು. ಆದರೆ ಗುಡ್ಡದ ಗಾಳಿ ಫ್ಯಾನ್ ಹಾಗೆ ಒಂದೇ ಕಡೆಯಿಂದ ಬರುವುದಿಲ್ಲ. ಸುತ್ತ ಮರೆ ಬೇಕು ಅಂದರೆ ಡಬ್ಬಿ ಮರೆಯ ಹೊರಗಿರಬೇಕು. ಲ್ಯಾರಿ ಪೆನ್ಬರ್ತಿ ಅನ್ನುವ ಎಂಜಿನಿಯರ್ 1973ರಲ್ಲೇ ಎಂಎಸ್‌ಆರ್ ಮಾಡೆಲ್ 9 ಒಲೆಯಲ್ಲಿ ಇಂಧನದ ಬಾಟಲಿಯನ್ನು ಬರ್ನರಿನಿಂದ ದೂರ ಇಟ್ಟಿದ್ದರು. ಆ ದಾರಿಯೇ ಸರಿ ಅನ್ನಿಸಿತು.

ಎರಡನೇ ವಾರ: ಪೈಪ್ ಒಲೆಯ ರಿಪೇರಿ

ಪರಿಚಯದವರೊಬ್ಬರ ಮನೆಯಲ್ಲಿ ವರ್ಷಗಳಿಂದ ಮೂಲೆಯಲ್ಲಿ ಬಿದ್ದಿದ್ದ ಒಲೆಯೊಂದು ಸಿಕ್ಕಿತು. ನೆಲಕ್ಕೆ ಕೂರುವ ಮೂರು ಕಾಲು, ಒಂದು ಅಡಿಗಿಂತ ಸ್ವಲ್ಪ ಉದ್ದದ ಪೈಪು, ಅದರ ತುದಿಗೆ ಡಬ್ಬಿ. ನನಗೆ ಬೇಕಾದದ್ದೇ. ‘ಉರಿ ಸರಿಯಾಗಿ ಬರಲ್ಲ, ಬೇಕಾದ್ರೆ ತಗೊಂಡೋಗಿ’ ಅಂತ ಕೊಟ್ಟರು.

ಉರಿ ಹಚ್ಚುವ ಮುಂಚೆ ಸೋರಿಕೆ ನೋಡಬೇಕು. ಸೋಪಿನ ನೀರು ಮಾಡಿ ಬ್ರಷ್ಷಿನಿಂದ ಎಲ್ಲ ಜೋಡಣೆಗೂ ಹಚ್ಚಿದೆ. ಡಬ್ಬಿ ತಿರುಗಿಸಿದ ತಕ್ಷಣ ಅದರ ಕುತ್ತಿಗೆಯ ಹತ್ತಿರ ನೊರೆ ಉಬ್ಬಿತು. ಬಿಚ್ಚಿ ಒಳಗಿನ ರಬ್ಬರ್ ಓ-ರಿಂಗನ್ನು, ಅಂದರೆ ಗ್ಯಾಸ್ ಸೋರದಂತೆ ತಡೆಯುವ ಬಳೆಯನ್ನು, ಸೂಜಿಯ ಮೊಂಡು ತುದಿಯಿಂದ ಎಬ್ಬಿಸಿದೆ. ಎರಡು ಬೆರಳಿನ ನಡುವೆ ಬಗ್ಗಿಸಿದಾಗ ಮೈತುಂಬ ಕೂದಲೆಳೆಯಂಥ ಬಿರುಕು ತೆರೆದುಕೊಂಡವು. ಅದೇ ಅಳತೆಯ, ಗ್ಯಾಸಿಗೆ ಆಗುವ ನೈಟ್ರೈಲ್ ರಬ್ಬರಿನ ಓ-ರಿಂಗ್ ಹಾಕಿದೆ. ಮತ್ತೆ ಸೋಪಿನ ನೀರು. ಈ ಸಲ ಒಂದು ಗುಳ್ಳೆಯೂ ಏಳಲಿಲ್ಲ.

ಹಚ್ಚಿದೆ. ಉರಿ ಹಳದಿ, ಮೇಣದಬತ್ತಿಯ ಹಾಗೆ ತೂಗಾಡುತ್ತಿತ್ತು. ಪಾತ್ರೆಗೆ ಮಸಿ ಹಿಡಿಯಿತು. ಹಳದಿ ಉರಿ ಅಂದರೆ ಗ್ಯಾಸಿಗೆ ಸಾಕಷ್ಟು ಗಾಳಿ ಬೆರೆಯುತ್ತಿಲ್ಲ. ಒಲೆ ಆರಿಸಿ, ತಣ್ಣಗಾದ ಮೇಲೆ, ಗಾಳಿ ಬೆರೆಯುವ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಬಿಳಿಯ ಹತ್ತಿಯಂಥದ್ದು. ಜೇಡದ ಗೂಡು! ಕೊಳವೆಯ ಅರ್ಧಕ್ಕರ್ಧ ಮುಚ್ಚಿತ್ತು. ಪೈಪ್ ತೊಳೆಯುವ ಸಣ್ಣ ಬ್ರಷ್ ತೂರಿಸಿ, ತಿರುಗಿಸಿ ಎಳೆದೆ. ದಾರದ ಉಂಡೆಯ ಹಾಗೆ ಸುತ್ತಿಕೊಂಡು ಬಂತು. ಗ್ಯಾಸಿನ ವಾಸನೆ ಜೇಡಗಳನ್ನು ಸೆಳೆಯುತ್ತದೆ ಅನ್ನುವ ಮಾತಿದೆ. ಅದು ಹೇಗೇ ಇರಲಿ, ಒಲೆಯನ್ನು ಎತ್ತಿಡುವಾಗ ಬಟ್ಟೆ ಚೀಲದಲ್ಲಿ ಕಟ್ಟಿಡುವುದನ್ನು ನಾನಂತೂ ಇನ್ನು ಮರೆಯುವುದಿಲ್ಲ.

ಈಗ ಉರಿ ನೀಲಿ ಆಯಿತು, ಆದರೆ ಮೆತ್ತಗಿತ್ತು. ಉಳಿದದ್ದು ಜೆಟ್, ಅಂದರೆ ಗ್ಯಾಸ್ ಚಿಮ್ಮಿ ಬರುವ ಸಣ್ಣ ತೂತಿನ ತುಂಡು. ಚಿಕ್ಕ ಸ್ಪ್ಯಾನರಿನಿಂದ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ನಡುವಿನ ತೂತು ದುಂಡಗೆ ಕಾಣಬೇಕು. ನನಗೆ ಕಂಡದ್ದು ಕಾಲು ಚಂದ್ರನಂಥ ಬೆಳಕು. ಇಲ್ಲಿ ಕೈಗೆ ಸೂಜಿ ಬರುತ್ತದೆ, ಅದನ್ನು ತಡೆಯಬೇಕು. ಜೆಟ್ ಹಿತ್ತಾಳೆಯದು, ತೂತು ತೀರಾ ಸಣ್ಣದು. ಉಕ್ಕಿನ ಸೂಜಿ ತೂರಿಸಿದರೆ ತೂತು ದೊಡ್ಡದಾಗುತ್ತದೆ, ಸೊಟ್ಟಗಾಗುತ್ತದೆ. ಆಮೇಲೆ ಆ ಒಲೆ ಯಾವತ್ತೂ ಸರಿಯಾಗಿ ಉರಿಯುವುದಿಲ್ಲ. ರಾತ್ರಿಯಿಡೀ ಸ್ಪಿರಿಟ್‌ನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಸೈಕಲ್ ಪಂಪಿನಿಂದ ತಿರುಗು ದಿಕ್ಕಿನಲ್ಲಿ, ಅಂದರೆ ಉರಿ ಬರುವ ಕಡೆಯಿಂದ, ಗಾಳಿ ಹೊಡೆದೆ. ಮತ್ತೆ ಬೆಳಕಿಗೆ ಹಿಡಿದಾಗ ಚುಕ್ಕೆಯಂಥ ದುಂಡನೆ ಬೆಳಕು. ಜೋಡಿಸಿ, ಸೋಪಿನ ನೀರಿನಿಂದ ಇನ್ನೊಮ್ಮೆ ಪರೀಕ್ಷೆ ಮಾಡಿ ಹಚ್ಚಿದೆ. ಭರ್ರೋ ಅಂತ ಸದ್ದು ಬಂತು. ಆ ಸದ್ದು ಕೇಳಿದಾಗ ಆದ ಸಂತೋಷ ದೊಡ್ಡದು.

ಈ ಒಲೆಯಲ್ಲಿ ಇನ್ನೊಂದು ಅನುಕೂಲ ಇದೆ. ಗ್ಯಾಸ್ ಬರುವ ಹಿತ್ತಾಳೆ ಕೊಳವೆ ಉರಿಯ ಪಕ್ಕದಲ್ಲೇ ಹಾದು ಬರುತ್ತದೆ. ಒಳಗೆ ದ್ರವವಾಗಿ ಬಂದ ಗ್ಯಾಸೂ ಅಲ್ಲಿ ಕಾದು ಆವಿಯಾಗುತ್ತದೆ. ಚಳಿಯಲ್ಲಿ ಇದು ಬೇಕಾಗುತ್ತದೆ. ಡಬ್ಬಿಯಲ್ಲಿರುವ ಸಾಮಾನ್ಯ ಬ್ಯುಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಐಸೋಬ್ಯುಟೇನ್ ಮೈನಸ್ 11.7ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ಬರುತ್ತದೆ. ಉರಿಸುತ್ತಾ ಹೋದಂತೆ ಡಬ್ಬಿ ತಾನೇ ತಣ್ಣಗಾಗುತ್ತದೆ. ಹೀಗೆ ಕಾಯುವ ಕೊಳವೆ ಇರುವ, ಅದಕ್ಕೆಂದೇ ಮಾಡಿದ ಒಲೆಯಲ್ಲಿ ಮಾತ್ರ ಡಬ್ಬಿಯನ್ನು ತಲೆಕೆಳಗು ಮಾಡಿ ದ್ರವವನ್ನೇ ಬಿಡಬಹುದು. ಆ ಕೊಳವೆ ಇಲ್ಲದ ಒಲೆಯಲ್ಲಿ ಹಾಗೆ ಮಾಡಿದರೆ ಉರಿ ಆಳೆತ್ತರ ಭುಗಿಲ್ ಅನ್ನುತ್ತದೆ.

ಫ್ಯಾನ್ ಮುಂದೆ ಮರೆ ಇಲ್ಲದೆ ಇಟ್ಟಾಗ ಇದೂ ಒದ್ದಾಡಿತು: 9 ನಿಮಿಷ, 24 ಗ್ರಾಂ. ಪೈಪ್ ಒಲೆ ಅಂದ ಮಾತ್ರಕ್ಕೆ ಗಾಳಿ ತಡೆಯುವುದಿಲ್ಲ. ಮರೆ ಕಟ್ಟಲು ಬಿಡುತ್ತದೆ, ಅದೇ ಅದರ ಬೆಲೆ.

ಮೂರನೇ ವಾರ: ಮರೆ

ಮೊದಲು ಬಳಸಿ ಬಿಸಾಡುವ ಅಲ್ಯೂಮಿನಿಯಂ ಟ್ರೇ ಕತ್ತರಿಸಿ ಮಾಡಿದೆ. ಫ್ಯಾನ್ ಹಾಕಿದ ಕೂಡಲೇ ಮಡಚಿಕೊಂಡು ಪಾತ್ರೆಗೆ ಅಂಟಿಕೊಂಡಿತು. ತುಂಬಾ ತೆಳು. ಎರಡನೆಯದಕ್ಕೆ 0.3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ತಂದೆ. ಸತು ಬಳಿದ ಕಬ್ಬಿಣದ ತಗಡು ಸುಲಭವಾಗಿ ಸಿಗುತ್ತದೆ, ಆದರೆ ಬೇಡ. ಸತು ಜೋರಾಗಿ ಕಾದರೆ ಬರುವ ಹೊಗೆ ಒಳ್ಳೆಯದಲ್ಲ.

ಅಳತೆ ಹೀಗೆ ಹಾಕಿದೆ. ಪಾತ್ರೆಯ ಅಗಲ 13 ಸೆಂಟಿಮೀಟರ್. ಸುತ್ತಲೂ ಅರ್ಧ ಸೆಂಟಿಮೀಟರ್ ಜಾಗ ಬಿಟ್ಟರೆ ಸಾಕು ಅಂದುಕೊಂಡೆ. ತಪ್ಪಾಯಿತು. ಹಚ್ಚಿ ಒಂದು ನಿಮಿಷಕ್ಕೆ ಉರಿ ಹಳದಿಗೆ ತಿರುಗಿತು, ಮೂಗಿಗೆ ಘಾಟು ಬಂತು. ಸುಟ್ಟ ಗಾಳಿ ಮೇಲೆ ಹೋಗಲು ದಾರಿ ಇಲ್ಲದಿದ್ದರೆ ಹೊಸ ಗಾಳಿ ಕೆಳಗಿನಿಂದ ಬರುವುದಿಲ್ಲ. ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆಳನ್ನು ಕೊಲ್ಲುತ್ತದೆ. ಗಾಳಿ ಎಷ್ಟೇ ಇರಲಿ, ಮುಚ್ಚಿದ ಟೆಂಟಿನೊಳಗೆ ಒಲೆ ಹಚ್ಚಬೇಡಿ ಅನ್ನುವುದು ಇದಕ್ಕೇ. ಅಲ್ಲಿ ಬೆಂಕಿಯ ಭಯ ಒಂದೇ ಅಲ್ಲ.

ಸುತ್ತಲೂ ಒಂದೂವರೆ ಸೆಂಟಿಮೀಟರ್ ಬಿಟ್ಟೆ. ಮರೆಯ ಅಗಲ 16 ಆಯಿತು, ಸುತ್ತಳತೆ ಸುಮಾರು 50. ಒಂದರ ಮೇಲೊಂದು ಕೂರಲು 4 ಸೇರಿಸಿ 54ಕ್ಕೆ ಕತ್ತರಿಸಿದೆ. ಎತ್ತರ 15: ಒಲೆಯ ಕಾಲು 8, ಅದರ ಮೇಲೆ ಪಾತ್ರೆಯ ಮುಕ್ಕಾಲು ಮೈ ಮುಚ್ಚಲು 7. ಮೇಲಿನ, ಕೆಳಗಿನ ಅಂಚಿಗೆ ಅರ್ಧ ಸೆಂಟಿಮೀಟರ್ ಜಾಸ್ತಿ ಬಿಟ್ಟು ಒಳಗೆ ಮಡಿಸಿದೆ. ಕತ್ತರಿಸಿದ ತಗಡಿನ ಅಂಚು ಬ್ಲೇಡಿನಷ್ಟೇ ಚೂಪು, ಕೈಗವಸು ಹಾಕಿಕೊಂಡೇ ಮಾಡಿ. ಮಡಿಸಿದರೆ ಕೈ ಕೊಯ್ಯುವುದಿಲ್ಲ, ತಗಡಿಗೂ ಬಲ ಬರುತ್ತದೆ. ಎರಡು ತುದಿಗಳನ್ನು ಎದುರುಬದುರಾಗಿ ಕೊಕ್ಕೆಯ ಹಾಗೆ ಮಡಿಸಿ ಒಂದಕ್ಕೊಂದು ಸಿಕ್ಕಿಸಿದೆ. ಪೈಪ್ ಹೊರಗೆ ಬರಲು ಕೆಳಗೆ ಒಂದು ಕಚ್ಚು.

ಗಾಳಿ ಒಳಗೆ ಬರುವ ತೂತುಗಳಲ್ಲೂ ಒಮ್ಮೆ ಎಡವಿದೆ. ಮೊದಲ ತಗಡಿನಲ್ಲಿ ಸುತ್ತಲೂ ಹೊಡೆದಿದ್ದೆ. ಒಂದು ಕಡೆ ನುಗ್ಗಿದ ಗಾಳಿ ಉರಿಯನ್ನು ಅಲ್ಲಾಡಿಸಿ ಇನ್ನೊಂದು ಕಡೆ ಹೊರಗೆ ಹೋಯಿತು. ಗ್ಯಾಸ್ ಒಲೆಗೆ ಸ್ಪಿರಿಟ್ ಒಲೆಯಂತೆ ಊದುವುದು ಬೇಕಿಲ್ಲ, ಉಸಿರಾಡಲು ಗಾಳಿ ಇದ್ದರೆ ಸಾಕು. ಈಗಿನ ತಗಡಿನಲ್ಲಿ ಅರ್ಧ ಸುತ್ತಿಗೆ ಮಾತ್ರ 6 ಮಿಲಿಮೀಟರಿನ ತೂತುಗಳು, ಕೆಳ ಅಂಚಿನಿಂದ ಒಂದು ಬೆರಳು ಮೇಲೆ. ಆ ಭಾಗವನ್ನು ಗಾಳಿಗೆ ಬೆನ್ನು ಮಾಡಿ ಇಡುತ್ತೇನೆ.

ಫ್ಯಾನ್ ಹಾಕಿದೆ. 3 ನಿಮಿಷ 50 ಸೆಕೆಂಡಿಗೆ ಮುಚ್ಚಳ ಕುಣಿಯಿತು. 8 ಗ್ರಾಂ. ನಂಬಲಾಗದೆ ಇನ್ನೆರಡು ಸಲ ಮಾಡಿದೆ, ಹೆಚ್ಚು ವ್ಯತ್ಯಾಸ ಬರಲಿಲ್ಲ. ಡಬ್ಬಿಯನ್ನು ಪೈಪಿನ ಪೂರ್ತಿ ಉದ್ದಕ್ಕೆ ದೂರ ಇಟ್ಟಿದ್ದೆ, ಮುಟ್ಟಿದರೆ ತಣ್ಣಗಿತ್ತು. ಅಲ್ಲಿ ಕೈಗೆ ಬಿಸಿ ತಾಗಿದ ದಿನ ಒಲೆ ಆರಿಸಿಬಿಡಬೇಕು, ಎರಡನೇ ಯೋಚನೆ ಬೇಡ.

ಮತ್ತೆ ಗುಡ್ಡಕ್ಕೆ

ಅದೇ ಜಾಗ, ಅದೇ ಗೆಳೆಯ. ಗಾಳಿಯೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಒಲೆಯನ್ನು ಬಂಡೆಯ ಮಗ್ಗುಲಿಗೆ, ನೆಲ ಸಮತಟ್ಟಾದ ಕಡೆ ಇಟ್ಟೆ. ಒಲೆಗೆ ಅಂಟಿಕೊಂಡಿರುವ ಕಿಡಿ ಹೊಡೆಯುವ ಗುಂಡಿ ನಾಲ್ಕು ಸಲ ಒತ್ತಿದರೂ ಹತ್ತಲಿಲ್ಲ. ಲೈಟರ್ ಜೇಬಿನಲ್ಲಿತ್ತು, ಮರೆಯ ಕಚ್ಚಿನಿಂದ ತೂರಿಸಿ ಹಚ್ಚಿದೆ. ಮರೆಯ ಕೆಳಗೆ ಎರಡು ಕಡೆ ಟೆಂಟಿನ ಗೂಟ ನೆಟ್ಟು ಅಲ್ಲಾಡದಂತೆ ಮಾಡಿದೆ. ಇಬ್ಬರೂ ಮಾತಾಡದೆ ಕೂತು ನೋಡಿದೆವು. 4 ನಿಮಿಷ 40 ಸೆಕೆಂಡಿಗೆ ನೀರು ಮರಳಿತು. ಡಬ್ಬಿ ಆಮೇಲೆ ತೂಗಿದಾಗ 10 ಗ್ರಾಂ ಇಳಿದಿತ್ತು. ಗೆಳೆಯ ಏನೂ ಹೇಳಲಿಲ್ಲ, ಲೋಟ ಮುಂದೆ ಹಿಡಿದ.

ಎರಡನೇ ದಿನ ಬೆಳಿಗ್ಗೆ ಮರೆಯ ಕೊಕ್ಕೆ ಮಡಿಕೆ ಸಡಿಲವಾಗಿತ್ತು. ಸುತ್ತಿ ಬಿಚ್ಚಿ ಮಾಡಿದ್ದರಿಂದ ಅಲ್ಯೂಮಿನಿಯಂ ಅಲ್ಲಿ ಪೆಡಸಾಗಿದೆ, ಇನ್ನು ಹತ್ತಾರು ಸಲಕ್ಕೆ ಹರಿಯುತ್ತದೆ. ಈ ಭಾನುವಾರ ಆ ಅಂಚಿನೊಳಗೆ ತೆಳುವಾದ ಸ್ಟೀಲ್ ತಂತಿ ಇಟ್ಟು ಮತ್ತೆ ಮಡಿಸುತ್ತೇನೆ. ತಗಡಿನ ತೂಕ ಈಗ 70 ಗ್ರಾಂ ಹತ್ತಿರ ಇದೆ, ತಂತಿ ಸೇರಿದರೂ 80 ದಾಟಲಿಕ್ಕಿಲ್ಲ.